ರೇಡಿಯೇಟರಿನೊಳಗಿನ ಅರಿಷಿಣ

ಭಾಗ್ಯನಗರದ ಅಂಗಡಿಯಲ್ಲಿ ನಾನು ಕಲಿತದ್ದು ರೇಡಿಯೇಟರ್ ರಿಪೇರಿ. ಕಲಿಯದೆಯೇ ಬಂದದ್ದು ಜನರ ದನಿ ತೆಗೆದು ಅಣಕಿಸುವುದು. ಎರಡರಲ್ಲಿ ಯಾವುದು ಅನ್ನ ಕೊಡಬೇಕೋ ಅದರಲ್ಲೇ ನಾನು ಕಚ್ಚಾ. ‘ನಿನ್ನ ಬಾಯಿಗಿ ಬಂದಷ್ಟು ಕೈಗಿ ಬಂದಿದ್ರ ಇಷ್ಟೊತ್ತಿಗೆ ನೀನೂ ಉಸ್ತಾದ ಆಗತಿದ್ದಿ’ ಎನ್ನುತ್ತಿದ್ದರು ನನ್ನ ಉಸ್ತಾದರು. ಆ ಮಾತನ್ನೂ ಅವರದೇ ದನಿಯಲ್ಲಿ ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದೆ.

ಹಳೆಯ ಕಾರು ಕುದಿಯುತ್ತದೆ ಎಂದು ತರುವವರಲ್ಲಿ ಅರ್ಧ ಜನ ಮೊದಲೇ ಮನೆಮದ್ದು ಮಾಡಿರುತ್ತಾರೆ. ರೇಡಿಯೇಟರ್ ಸೋರಿದರೆ ಅದರ ನೀರಿಗೆ ಅರಿಷಿಣದ ಪುಡಿ. ಪುಡಿ ತೂತಿನಲ್ಲಿ ಕೂತು ಸೋರುವುದು ನಿಲ್ಲುತ್ತದೆ, ನಿಜ. ಹೆಚ್ಚಾದರೆ ಒಳಗಿನ ಸಣ್ಣ ನಳಿಗೆಗಳಲ್ಲೂ ಕೂತು ನೀರು ಹರಿಯುವುದೇ ನಿಲ್ಲುತ್ತದೆ. ಅಂಥದ್ದನ್ನು ಬಿಚ್ಚಿದಾಗಲೆಲ್ಲ ಉಸ್ತಾದರು ಹಳದಿ ಕೆಸರನ್ನು ಬೆರಳಿಗೆ ಹಚ್ಚಿಕೊಂಡು, ‘ಏನ್ರಿ, ಕಾರಿಗಿ ಮದಿವಿ ಮಾಡಾಕತ್ತೀರೇನು?’ ಎಂದು ಕೇಳುವರು. ಯಲಬುರ್ಗಾದಿಂದ ಬಂದ ಒಬ್ಬರು ‘ನಮ್ಮಾಕಿ ಹೇಳಿದಳ್ರಿ’ ಎಂದು ತಲೆ ಕೆರೆದುಕೊಂಡದ್ದನ್ನು ನಾನು ಒಂದು ವರ್ಷ ಆಡಿ ತೋರಿಸಿದ್ದೇನೆ.

ಆಮೇಲೆ ಉಸ್ತಾದರ ಕಣ್ಣು ಮಸುಕಾಗುತ್ತ ಹೋಯಿತು. ಸಕ್ಕರೆ ಕಾಯಿಲೆ. ಗಂಗಾವತಿಯ ಡಾಕ್ಟರು ಇದ್ದಷ್ಟನ್ನು ಉಳಿಸಿಕೊಳ್ಳಿ ಎಂದರು. ಇದ್ದದ್ದು ಬೆಳಕು ಮತ್ತು ನೆರಳು, ಅಷ್ಟೇ. ಆಗಲೇ ಅವರು ಅಂಗಡಿಯ ಹಿಂದೆ ತಾಡಪತ್ರಿ ಹೊದ್ದು ನಿಂತಿದ್ದ ತಮ್ಮ ಸ್ವಂತ ಹಳೆಯ ಕಾರಿಗೆ ಕೈ ಹಚ್ಚಿದ್ದು. ತಾವರಗೇರಾದಲ್ಲಿದ್ದ ಅಕ್ಕನನ್ನು ಅದರಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುತ್ತೇನೆಂದು ಯಾವತ್ತೋ ಮಾತು ಕೊಟ್ಟಿದ್ದರಂತೆ. ನನಗೆ ಹೇಳಿದ ಕಾರಣ ಬೇರೆ: ‘ಕಣ್ಣ ಹೋತು. ಕೈ ಐತೋ ಇಲ್ಲೋ ನೋಡಬೇಕು.’

ಕೊಳವೆಬಾವಿಯ ಸವಳು ನೀರು ಕುಡಿದು ಕುಡಿದು ಆ ರೇಡಿಯೇಟರಿನ ನಳಿಗೆಗಳೆಲ್ಲ ಸುಣ್ಣ ಕಟ್ಟಿದ್ದವು. ಒಂದೊಂದಕ್ಕೂ ಚಪ್ಪಟೆ ಸರಳು ತೂರಿಸಿ ಕೆರೆದರು. ಅದರ ಮೇಲ್ಭಾಗದ ತೊಟ್ಟಿಯನ್ನು ಬೆರಳಿನಿಂದಲೇ ತಡವಿ ಬೆಸುಗೆ ಹಾಕಿದರು. ಎರಡು ಬೆರಳು ಸುಟ್ಟುಕೊಂಡರು. ಕೊನೆಗೆ ರೇಡಿಯೇಟರಿನ ಬಾಯಿ ಬಿಗಿದು, ಗಾಳಿ ತುಂಬಿ, ನೀರಿನ ಹೊಂಡದಲ್ಲಿ ಮುಳುಗಿಸಿದೆವು. ಸೋರಿದರೆ ಗುಳ್ಳೆ ಏಳಬೇಕು.

‘ಗುಳ್ಳಿ ಬಂದಾವೇನು?’

ಎಡಮೂಲೆಯಲ್ಲಿ ಒಂದೇ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಅವರು ನನ್ನ ಮುಖದ ಕಡೆ, ಅಂದರೆ ನನ್ನ ಮುಖ ಇರಬೇಕಾದ ಕಡೆ, ನೋಡುತ್ತಿದ್ದರು.

‘ಒಂದೂ ಇಲ್ಲರಿ ಉಸ್ತಾದ್ರ.’

ಅವರ ಕೈ ಮಡಿಲಿಗೆ ಇಳಿಯಿತು. ಅಷ್ಟು ಹಗುರಾಗಿ ಅವರು ಕೂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಮನೆಯ ಡಬ್ಬಿಯಿಂದ ಅರಿಷಿಣ ಪೊಟ್ಟಣ ಕಟ್ಟಿ ತಂದು, ಅವರು ನಮಾಜಿಗೆ ಹೋದಾಗ ರೇಡಿಯೇಟರಿಗೆ ಸುರಿದೆ. ಎಷ್ಟು ಹಾಕಬೇಕೆಂದು ತಿಳಿದಿರಲಿಲ್ಲ. ಜನರನ್ನು ಅಣಕಿಸುವಾಗ ಅವರು ಹಾಕಿದ ಅಳತೆ ಯಾರು ಕೇಳುತ್ತಾರೆ?

ಉಸ್ತಾದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕನ ಊರಿಗೆ ನಾನೇ ಕಾರು ಓಡಿಸಿದೆ. ಕುಷ್ಟಗಿ ದಾಟುವವರೆಗೆ ಎಲ್ಲ ಸರಿಯಿತ್ತು. ತಾವರಗೇರಾ ದಾರಿಗೆ ತಿರುಗಿದ ಮೇಲೆ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರತೊಡಗಿತು.

‘ಮುಳ್ಳ ಎಲ್ಲೈತಿ?’

‘ನಡುವ ಐತ್ರಿ.’

ಅವರ ಕಿವಿ ಮಾತ್ರ ಹೋಗಿರಲಿಲ್ಲ. ಎಂಜಿನ್ ಬಿಸಿಗೆ ಕಟಕಟ ಎನ್ನಲು ಶುರುವಾದರೆ ಮೊದಲ ಸದ್ದಿಗೇ ನಿಲ್ಲಿಸು ಎನ್ನುವ ಮನುಷ್ಯ. ಆ ಸದ್ದು ಮುಚ್ಚಲೆಂದೇ ನಾನು ಬಾಯಿ ಬಿಚ್ಚಿದೆ. ಯಲಬುರ್ಗಾದವರನ್ನು ಮಾಡಿದೆ, ಅವರ ‘ನಮ್ಮಾಕಿ’ಯನ್ನೂ ಮಾಡಿದೆ. ಗಂಗಾವತಿಯ ಅಕ್ಕಿ ಗಿರಣಿಯವರು ತೆಲುಗು ಕನ್ನಡ ಕಲಸಿ ಬೈಯುವುದನ್ನು ಮಾಡಿದೆ. ಉಸ್ತಾದರನ್ನೇ ಮಾಡಿದೆ. ‘ಸಾಕೋ ಮಾರಾಯ, ಹೊಟ್ಟಿ ನೋಯಾಕತ್ತೈತಿ’ ಎಂದು ಕಣ್ಣೊರೆಸಿಕೊಂಡರು. ಊರು ಇನ್ನೇನು ಬಂತು, ಅಲ್ಲಿಗೆ ಮುಟ್ಟಿದರೆ ಸಾಕು ಎಂದು ನಾನು ಜೋರಾಗಿ ಅಣಕಿಸುತ್ತಲೇ ಓಡಿಸಿದೆ.

ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗಿತು. ಎಂಜಿನ್ ಒಮ್ಮೆ ಜಗ್ಗಿ ನಿಂತಿತು. ಉಸ್ತಾದರು ಕಿಟಕಿಯಿಂದ ಮುಖ ಹೊರಗಿಟ್ಟು ಮೂಸಿದರು.

‘ಅರಿಷಿಣದ ವಾಸನಿ.’

ನಾನು ಚಾವಿ ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

‘ಎಷ್ಟ ಗುಳ್ಳಿ ಬಂದಿದ್ವು?’

‘ಎರಡರಿ. ಎಡಮೂಲಿಗಿ.’

‘ಎರಡ’ ಎಂದು ಸುಟ್ಟ ಬೆರಳು ತಡವಿಕೊಂಡರು. ಆಮೇಲೆ ಹೇಳಿದರು: ‘ಹೇಳಿದ್ದರ ಮತ್ತೊಮ್ಮಿ ಹಚ್ಚತಿದ್ನೆಪಾ. ಕಣ್ಣಿದ್ದಾಗೂ ನನ್ನ ಬೆಸಿಗಿ ಮೊದಲನೇ ಸಲಕ್ಕ ಎಲ್ಲಿ ಕೂಡತಿತ್ತು?’

ನನಗೆ ಅದು ಗೊತ್ತಿತ್ತು. ಆರು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೆ. ಎರಡನೆಯ ಸಲ ಹಚ್ಚುವುದು ಅವರ ದಿನದ ಕೆಲಸ. ಅವರಿಗೆ ಕಣ್ಣಿಲ್ಲ ಎಂಬುದನ್ನು ಅವರಿಗಿಂತ ಹೆಚ್ಚು ನಂಬಿದ್ದವನು ನಾನು.

ಎಂಜಿನ್ನಿನ ಹೆಡ್ ಡೊಂಕಾಗಿತ್ತು, ಬ್ಲಾಕು ಸೀಳಿತ್ತು. ಆ ಕಾಲದ ಸಾಮಾನು ಎಲ್ಲೂ ಸಿಗಲಿಲ್ಲ. ಅವತ್ತು ಅಕ್ಕನ ಮನೆಗೆ ಟಂಟಂ ಆಟೋ ಹತ್ತಿ ಹೋದೆವು. ಅಕ್ಕ ಬಾಗಿಲಲ್ಲೇ ನಿಂತು ರಸ್ತೆ ನೋಡುತ್ತ, ‘ಗಾಡಿ ಎಲ್ಲಿ ಬಿಟ್ಟೀರಿ?’ ಎಂದು ಕೇಳಿದರು. ಉಸ್ತಾದರು, ‘ನನ್ನ ಬೆಸಿಗಿ ಬಿಡ್ತಬೇ’ ಎಂದರು.

ಅವತ್ತಿನಿಂದ ಉಸ್ತಾದರು ಇಕ್ಕಳ ಮುಟ್ಟಿಲ್ಲ. ಅಂಗಡಿ ನಾನೇ ನಡೆಸುತ್ತೇನೆ. ನನ್ನ ಬೆಸುಗೆ ಮೂರನೆಯ ಸಲಕ್ಕೂ ಕೂಡುವುದಿಲ್ಲ. ಉಸ್ತಾದರ ದನಿ ತೆಗೆಯೆಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ತೆಗೆಯಲು ಹೋದರೆ ಬರುವುದು ಆ ಒಂದೇ ಮಾತು, ಬಾಗಿಲಲ್ಲಿ ಹೇಳಿದ್ದು. ಅದಕ್ಕೆ ಯಾರೂ ನಗುವುದಿಲ್ಲ.