ಹೊಗೆಸೊಪ್ಪಿನ ಗಿಡದಲ್ಲಿ ಅವರೆ

ಮೊನ್ನೆ ಗಾಂಧಿಬಜಾರಿನಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿದಾಗ ನಾನು ಸಿಟ್ಟಿನಲ್ಲಿದ್ದೆ. ಆಗತಾನೇ ಸೊಸೆ ಫೋನು ಮಾಡಿ, “ಅಮ್ಮ, ಭಾನುವಾರ ನಾಟಕದ ರಿಹರ್ಸಲ್ ಇದೆ, ಕಾಳು ಹಿತುಕೋಕೆ ಬರಕ್ಕಾಗಲ್ಲ” ಎಂದಿದ್ದಳು. ನೆನೆಸಿದ ಅವರೆಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಹಿತುಕಿ ತೆಗೆಯುವುದು ನಮ್ಮಲ್ಲಿ ಮನೆಮಂದಿಯೆಲ್ಲ ಕೂತು ಮಾಡುವ ಕೆಲಸ. “ನೋಡೋಣ” ಎಂದು ಬಿಗಿಯಾಗಿ ಹೇಳಿ ಫೋನಿಟ್ಟು, ಹೊರಲಾರದಷ್ಟು ಕಾಯಿ ಕೊಂಡೆ. ಸಿಟ್ಟು ಬಂದರೆ ಕೆಲವರು ಊಟ ಬಿಡುತ್ತಾರೆ, ನಾನು ತರಕಾರಿ ಕೊಳ್ಳುತ್ತೇನೆ.

ತೊಂಬತ್ತರ ದಶಕದಲ್ಲಿ ಗವಿಪುರದ ಮನೆಗೆ ಸೊಸೆಯಾಗಿ ಬಂದಾಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಅವರೆಯ ಒಂದು ಜೀನನ್ನು ತೆಗೆದು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸುವ ಕೆಲಸ. ಗಾಬರಿಯಾಗಬೇಡಿ, ವಿಷಯ ಸರಳ. ಮೊಳಕೆಗೆ ಬೇಕೆಂದು ಪ್ರತಿ ಬೀಜವೂ ಪ್ರೋಟೀನಿನ ಬುತ್ತಿ ಕಟ್ಟಿಕೊಳ್ಳುತ್ತದೆ. ಆ ಬುತ್ತಿ ಕಟ್ಟುವ ಜೀನು ಎಲೆ, ಬೇರು ಎಲ್ಲ ಕಡೆಯೂ ಇರುತ್ತದೆ. ಆದರೆ ಅದು ಬಾಯಿ ಬಿಡುವುದು, ಅಂದರೆ ಕೆಲಸಕ್ಕಿಳಿಯುವುದು, ಬೀಜದಲ್ಲಿ ಮಾತ್ರ, ಅದೂ ಕಾಳು ತುಂಬುವ ಹೊತ್ತಿನಲ್ಲಿ. ಪರರ ಗಿಡಕ್ಕೆ ಹೋದ ಮೇಲೂ ಅವರೆಯ ಜೀನು ತನ್ನ ಶಿಸ್ತು ಉಳಿಸಿಕೊಳ್ಳುತ್ತದೆಯೇ? ನನ್ನ ಇಡೀ ಪ್ರಬಂಧ ಈ ಪ್ರಶ್ನೆಯ ಮೇಲೆ ನಿಂತಿತ್ತು.

ಅತ್ತೆಗೆ ಹೊಗೆಸೊಪ್ಪಿನದೇ ಚಿಂತೆ. “ನಶ್ಯ ಹಾಕೋರೂ ಇಲ್ಲದ ಮನೆ ಇದು. ಬೇರೆ ಗಿಡ ಸಿಗಲಿಲ್ವೇನೇ ನಿಂಗೆ?” ಹೊಗೆಸೊಪ್ಪು ಬಲು ಸಾಧು ಗಿಡ, ಕೊಟ್ಟ ಜೀನನ್ನು ತಕರಾರಿಲ್ಲದೆ ಒಪ್ಪುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅವರು ಒಗ್ಗರಣೆ ಹಾಕುತ್ತಾ ಹೂಂಗುಟ್ಟುತ್ತಿದ್ದರು. ಅಕ್ಕಪಕ್ಕದವರಿಗೆ ಮಾತ್ರ “ಅವರೆಕಾಯಿ ಮೇಲೆ ಓದ್ತಿದಾಳೆ” ಎಂದಷ್ಟೇ ಹೇಳುತ್ತಿದ್ದರು. ಸುಳ್ಳೇನಲ್ಲ.

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಹನುಮಂತನಗರದಿಂದ ಮಾವನವರ ಅಕ್ಕ ಬಂದಿದ್ದರು. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಅತ್ತೆ ಅವರೆದುರು ತುಟಿ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಕಾಳಿನ ಬೋಗುಣಿಯ ಸುತ್ತ ಕೂತೆವು. ಅದೇ ದಿನ ಲ್ಯಾಬಿನಲ್ಲಿ ನನ್ನ ಹೊಗೆಸೊಪ್ಪಿನ ಗಿಡದ ಕಾಯಿಗಳು ಹದಕ್ಕೆ ಬಂದಿದ್ದವು, ಅಂದೇ ಕೀಳಬೇಕಿತ್ತು. ಬಲಿತುಬಿಟ್ಟರೆ ಜೀನು ಸುಮ್ಮನಾಗಿಬಿಡುತ್ತದೆ. ಇನ್ನೊಂದು ಬೆಳೆ ತೆಗೆಯುವಷ್ಟರಲ್ಲಿ ನನ್ನ ಫೆಲೋಶಿಪ್ಪೇ ಮುಗಿಯುತ್ತಿತ್ತು. ನಾನು ಮೆಲ್ಲಗೆ ಎದ್ದೆ.

“ಎಲ್ಲಿಗೆ ಹೊರಟ್ಲು ನಿನ್ ಸೊಸೆ? ಭಾನುವಾರಾನೂ?” ಎಂದರು ದೊಡ್ಡವರು.

ನನ್ನ ಕಾಲು ಅಲ್ಲೇ ನಿಂತಿತು. ಅತ್ತೆ ತಲೆಯೆತ್ತದೆ ಒಂದು ಕಾಳು ಹಿತುಕಿದರು. “ಅಕ್ಕ, ಅವರೆ ಬಲಿತ ಮೇಲೆ ಈ ಸೊಗಡು ಇರುತ್ತಾ? ಅವಳದೂ ಹಾಗೇ. ಇವತ್ತು ಬಿಟ್ರೆ ಬಲಿತುಹೋಗುತ್ತೆ. ನೀನು ಹೋಗ್ಬಾಮ್ಮ, ನಿನ್ನ ಪಾಲಿಂದೂ ನಾನೇ ಹಿತುಕ್ತೀನಿ.”

ಒಗ್ಗರಣೆಯ ಸದ್ದಿನಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು! ನಾನು ಬಸ್ ಸ್ಟಾಪಿನವರೆಗೂ ಓಡಿದೆ.

ಕೆಲವು ವಾರಗಳ ಮೇಲೆ ಫಲಿತಾಂಶ ಮೂಡಿದ ಎಕ್ಸ್‌ರೇ ಫಿಲ್ಮನ್ನು ಮನೆಗೆ ತಂದೆ. ಅತ್ತೆ ಅದನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದರು. ಜೀನು ಬಾಯಿ ಬಿಟ್ಟ ಕಡೆ ಮಾತ್ರ ಕಪ್ಪು ಮೂಡುತ್ತದೆ. ಬೀಜದ ಜಾಗದಲ್ಲಿ ದಪ್ಪ ಕಪ್ಪು ಪಟ್ಟಿ. ಎಲೆ, ಬೇರಿನ ಜಾಗ ಖಾಲಿ. ನಾನು ಗೆದ್ದಿದ್ದೆ.

“ಎಲೇಲಿ ಜೀನು ಇಲ್ವಾ ಹಾಗಾದ್ರೆ?”

“ಇದೆ ಅತ್ತೆ. ಮಾತಾಡಲ್ಲ, ಅಷ್ಟೆ.”

“ಹೊತ್ತು ಬಂದಾಗ ಆಡುತ್ತೆ ಅನ್ನು” ಎಂದು ಫಿಲ್ಮು ವಾಪಸು ಕೊಟ್ಟು, ಕಾಫಿಗೆ ನೀರಿಟ್ಟರು.

ಅತ್ತೆ ಈಗಿಲ್ಲ. ಈ ಭಾನುವಾರ ಬೋಗುಣಿಯ ಮುಂದೆ ಕೂತು ಮೊದಲ ಕಾಳು ಹಿತುಕಿದೆ. ಬೇಳೆ ಪುಟಕ್ಕನೆ ಜಾರಿ ಬಿತ್ತು. ನನ್ನ ಬಾಯಲ್ಲಿ ಮೂರು ದಿನದಿಂದ “ಭಾನುವಾರಾನೂ?” ಎಂಬ ಮಾತು ಕೂತಿತ್ತು, ದೊಡ್ಡವರ ಅದೇ ರಾಗದಲ್ಲಿ. ಅದನ್ನು ನುಂಗಿ, ಒದ್ದೆ ಕೈ ಒರೆಸಿಕೊಂಡು ಸೊಸೆಗೆ ಫೋನು ಮಾಡಿದೆ.

“ಹೋಗ್ಬಾಮ್ಮ” ಎಂದೆ. “ನಿನ್ನ ಪಾಲಿಂದೂ ನಾನೇ ಹಿತುಕ್ತೀನಿ.”