ಟೀಚರ್ ಹೇಳಿದ ‘ದಾಸರು’

ಮೊನ್ನೆ ನಿಮ್ಮ ಮೊಬೈಲಿನಲ್ಲಿ ರೋಮಿನ ಗುಲಾಮರ ಸೀರಿಯಲ್ ಓಡುತ್ತಿತ್ತು. ದಾರಿಯ ಉದ್ದಕ್ಕೂ ಶಿಲುಬೆಗಳು, ಒಂದೊಂದರ ಮೇಲೂ ಒಬ್ಬ ಗುಲಾಮ. ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ರಕ್ತ ಕಂಡರೆ ಹೆದರಿಕೆ ಎಂದು ನೀವು ನಕ್ಕಿರಿ. ಕಾರಣ ಅದಲ್ಲ ಮಕ್ಕಳೇ...

ಇನ್ನಂಜೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕ್ರಿಶ್ಚಿಯನ್ ಟೀಚರ್ ಇದ್ದರು. ಒಂಟಿ ಹೆಂಗಸು. ಜಗಲಿಯಲ್ಲಿ ನಡೆಸುತ್ತಿದ್ದ ಟ್ಯೂಷನ್ನೇ ಅವರ ಜೀವನಕ್ಕೆ ದಾರಿ. ನಿಮ್ಮ ಅಪ್ಪನೂ ಹೋಗುತ್ತಿದ್ದ. ಪರರ ಮಕ್ಕಳ ಮೇಲೆ ಅವರಿಗೆ ಯಾಕೆ ಅಷ್ಟು ಅಕ್ಕರೆ ಎಂದು ನನಗೆ ಮೊದಲಿನಿಂದಲೂ ಅನುಮಾನ.

ಬೇಸಿಗೆ ರಜೆ ಸಿಕ್ಕಿದ ದಿನ ಅವರು ಮಕ್ಕಳನ್ನು ಒಳಗೆ ಕೂರಿಸಿ ಟಿವಿಯಲ್ಲಿ ಒಂದು ಇಂಗ್ಲಿಷ್ ಸಿನೆಮಾ ಹಾಕಿದರು. ನಾನೂ ಹೋಗಿ ಮೂಲೆಯಲ್ಲಿ ಕುಳಿತೆ, ಕಾವಲಿಗೆ. ಟೀಚರ್ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು.

“ಇವರೆಲ್ಲ ಗುಲಾಮರು.”

“ಇಸ್ಪೀಟಿನ ಗುಲಾಮನಾ ಟೀಚರ್?” ಎಂದ ನಿಮ್ಮ ಅಪ್ಪ. ಮಕ್ಕಳ ನಗು ನಿಲ್ಲಲೇ ಇಲ್ಲ.

“ಸಾಕು ಮಾರಾಯ! ದಾಸರು ಅನ್ನುವ, ಆಯ್ತಾ? ದಾಸರು ದಂಗೆ ಎದ್ದರು.”

ಅವರ ಬೈಬಲಿನಲ್ಲಿ ಗುಲಾಮನಿಗೆ ಅದೇ ಶಬ್ದವಂತೆ. ಉಡುಪಿ ಸೀಮೆಯ ನನಗೆ ದಾಸರು ಎಂದರೆ ತಂಬೂರಿ ಹಿಡಿದು ಕೃಷ್ಣನನ್ನು ಹಾಡಿದವರು. ಕೊನೆಗೆ ದಾಸರ ನಾಯಕನನ್ನು ಶಿಲುಬೆಗೆ ಏರಿಸಿದರು. ಚಾಚಿದ ಕೈಗಳು, ತಲೆಯ ಹಿಂದೆ ಬೆಳಕಿನ ಉಂಗುರ, ಬುಡದಲ್ಲಿ ನೀಲಿ ಮುಸುಕಿನ ಹೆಂಗಸು... ಟೀಚರ ಗೋಡೆಯ ಮೇಲಿದ್ದ ಪಟದ ಹಾಗೆಯೇ.

“ಇದು ಯೇಸು ಅಲ್ವಾ?” ಎಂದೆ.

“ಅಲ್ಲ ಅಕ್ಕ. ಇವನು ಯೇಸುವಿಗಿಂತ ಎಷ್ಟೋ ಮುಂಚಿನವನು. ಸಿನೆಮಾದವರು ಹಾಗೆ ಮಾಡಿಟ್ಟಿದ್ದಾರೆ. ನನಗೂ ಅದು ಸರಿ ಕಾಣುವುದಿಲ್ಲ.”

ನಾನು ನಂಬಲಿಲ್ಲ. ಸಂಜೆ ಡೈರಿಗೆ ಹಾಲು ಕೊಡಲು ಹೋದಾಗ, “ನಮ್ಮ ದಾಸರನ್ನು ಶಿಲುಬೆಗೆ ಹಾಕಿ ಮಕ್ಕಳಿಗೆ ತೋರಿಸ್ತಾರೆ” ಎಂದುಬಿಟ್ಟೆ. ಮನೆಗೆ ಬಂದರೆ ನಿಮ್ಮ ಅಪ್ಪ, “ಅಮ್ಮ, ದಾಸ ಅಂದ್ರೆ ಗುಲಾಮ. ಭಜನೆಯವರಲ್ಲ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಮಾತು ಊರು ಸುತ್ತಿತ್ತು.

ಮರುದಿನ ನಾಲ್ವರು ಗಂಡಸರು ಟೀಚರ ಅಂಗಳಕ್ಕೆ ಬಂದರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎಂದು ಕರೆಯುವುದು.

“ಎಂತ ಬಾಯಮ್ಮ, ನೀವು ಇಂಗ್ಲಿಷ್ ಕಲಿಸುವುದಾ, ಜಾತಿ ಕೆಡಿಸುವುದಾ?”

ಟೀಚರ್ ಬೇಲಿಯ ಈಚೆ ನಿಂತಿದ್ದ ನನ್ನತ್ತ ಕೈ ತೋರಿಸಿದರು. “ಇವರನ್ನೇ ಕೇಳಿ. ಇವರೂ ಇದ್ದರಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಗಂಡಸರ ಎದುರು ಮಾತಾಡಿ ಅಭ್ಯಾಸವಿಲ್ಲದವಳು ನಾನು. ಆದರೆ ಬಾಯಿ ಕಟ್ಟಿದ್ದು ನಾಚಿಕೆಯೊಂದೇ ಅಲ್ಲ. ಶಬ್ದದ ತಪ್ಪು ನನ್ನದೆಂದು ಗೊತ್ತಾಗಿತ್ತು. ಆ ಬೆಳಕಿನ ಉಂಗುರದ ಅನುಮಾನ ಮಾತ್ರ ಹೋಗಿರಲಿಲ್ಲ. ಸೆರಗು ಎಳೆದುಕೊಂಡು ಒಳಗೆ ಹೋದೆ.

ಶಾಲೆ ಶುರುವಾದ ಮೇಲೆ ಆ ಜಗಲಿಗೆ ಒಂದು ಮಗುವೂ ಹೋಗಲಿಲ್ಲ. ಟೀಚರ್ ಕಾರ್ಕಳದ ತಂಗಿಯ ಮನೆಗೆ ಹೊರಟುಹೋದರು. ಅಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಬಸ್ಸಿನಲ್ಲಿ ಯಾರೋ ಹೇಳಿದರು...

ಸಿನೆಮಾ ಮಾಡುವವರ ಮೇಲೆ ನನಗೆ ಈಗಲೂ ಅನುಮಾನ ಉಂಟು. ಯೇಸು ಹುಟ್ಟುವ ಮೊದಲು ಸತ್ತವನಿಗೆ ಯೇಸುವಿನ ಬೆಳಕು ಯಾಕೆ? ಟೀಚರಿಗೂ ಅದು ಸರಿ ಕಂಡಿರಲಿಲ್ಲ. ಅವರು ಹಾಗೆ ಹೇಳಿದ್ದನ್ನು ಕೇಳಿಸಿಕೊಂಡ ದೊಡ್ಡವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.