ಹಿಮದ ಮೇಲೆ ಅತ್ತೆಯ ಸವಾರಿ

ಹಿಮದ ಇಳಿಜಾರಿನಲ್ಲಿ ನಮ್ಮತ್ತೆಯ ಬೂಟುಗಳು ಜುಮ್ಮಂತ ಜಾರಿಕೊಂಡು ಹೋಗುತ್ತಿದ್ದವು. ಅತ್ತೆ ಮಾತ್ರ ಮೇಲೆಯೇ ಇದ್ದರು. ಬರೀ ಸಾಕ್ಸಿನಲ್ಲಿ!

ತಡೀರಿ, ಮೊದಲಿನಿಂದ ಹೇಳುತ್ತೇನೆ.

ಜುಲೈ ಅಂದರೆ ನ್ಯೂಜಿಲೆಂಡಿನಲ್ಲಿ ನಡುಚಳಿಗಾಲ, ಮಕ್ಕಳಿಗೆ ರಜೆ. ಆರು ತಿಂಗಳು ಇರುತ್ತೇನೆಂದು ಮೈಸೂರಿನಿಂದ ಬಂದ ಅತ್ತೆ ಎರಡನೇ ತಿಂಗಳಿಗೇ, "ನನ್ ಟಿಕೆಟ್ ಪ್ರಿಪೋನ್ ಮಾಡ್ಸಿಬಿಡ್ರಪ್ಪಾ" ಎಂದು ಹಟ ಹಿಡಿದಿದ್ದರು. ತಪ್ಪು ಅವರದಲ್ಲ. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿರುವ ನಮ್ಮ ಮನೆಯ ಕಿಟಕಿಯಲ್ಲಿ ಕೂತರೆ ಏನು ಕಾಣುತ್ತದೆ? ಎದುರು ಮನೆಯ ಗ್ಯಾರೇಜ್ ಬಾಗಿಲು ತಾನೇ ತೆರೆಯುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

"ಇಲ್ಲಿ ಮನುಷ್ಯರೇ ಇಲ್ವೇನಮ್ಮಾ?" ಅಂದರು ಒಂದು ದಿನ.

ನನಗೆ ಅವರು ಹೋಗುವುದು ಸುತರಾಂ ಬೇಡ. (ಸೊಸೆಯೊಬ್ಬಳು ಹೀಗಂದರೆ ನೀವು ನಂಬಲ್ಲ, ಗೊತ್ತು.) ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ನನ್ನ ಮಗಳು ಇಶಾ, ಅಜ್ಜಿ ಬಂದ ಮೇಲೆ ನನ್ನ ಮೇಲಿನ ಚಾಡಿಯನ್ನಾದರೂ ಕನ್ನಡದಲ್ಲಿ ಹೇಳುತ್ತಾಳೆ. ನನಗೆ ಅದೇ ಸ್ವರ್ಗ.

ಸರಿ, ಕಡೆಯ ಪ್ರಯತ್ನ ಅಂತ ಹಿಮ ತೋರಿಸಲು ಹೊರಟೆವು. ಡಬ್ಬಿಯಲ್ಲಿ ಪುಳಿಯೋಗರೆ, ಫ್ಲಾಸ್ಕಿನಲ್ಲಿ ಬಿಸಿನೀರು. ಅತ್ತೆಗೆ ಬಾಡಿಗೆ ಬೂಟು, ಮಂಕಿ ಕ್ಯಾಪು, ಸೀರೆಯ ಒಳಗೆ ಮಗನ ಟ್ರ್ಯಾಕ್ ಪ್ಯಾಂಟು. ದಾರಿಯುದ್ದಕ್ಕೂ ನನ್ನದು ಒಂದೇ ಮಂತ್ರ, "ಜೋಪಾನ ಅತ್ತೆ, ಮಂಡಿ!"

ಬೆಟ್ಟದ ಮೇಲೆ ನನ್ನ ಗಂಡ ಕಾಫಿ ತರಲು ಹೋದ. ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಬಗ್ಗೆ ಶಾಲೆಯಲ್ಲಿ ಕಲಿತದ್ದನ್ನು ಇಶಾ ಅಜ್ಜಿಗೆ ಒಪ್ಪಿಸಿದಳು. "ಅಜ್ಜೀ, ಫಾರ್ ಮಾವೋರಿ ಪೀಪಲ್, ದಿಸ್ ಮೌಂಟನ್ ಈಸ್ ಆನ್ ಆನ್ಸೆಸ್ಟರ್. ಇಟ್ಸ್ ಸೇಕ್ರೆಡ್."

"ಅಯ್ಯೋ! ಮೊದ್ಲೇ ಹೇಳೋದಲ್ವೇನೇ? ಹಿರೀಕರ ಮೇಲೆ ಬೂಟು ಹಾಕ್ಕೊಂಡು ನಿಂತಿದೀನಲ್ಲೇ!"

ನಾನು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದೆ. ತಿರುಗುವಷ್ಟರಲ್ಲಿ ಅತ್ತೆ ಬೂಟು ಬಿಚ್ಚಿಯಾಗಿತ್ತು. ಬಾಡಿಗೆ ಮಾಲು ಒದ್ದೆಯಾಗಬಾರದಲ್ಲ? ಅದಕ್ಕೇ ಇಶಾಳ ಸ್ಲೆಡ್ಜ್ ಮೇಲೆ (ಕೂತು ಜಾರುವ ಪ್ಲಾಸ್ಟಿಕ್ ತಟ್ಟೆ ಅನ್ನಿ) ನೀಟಾಗಿ ಜೋಡಿಸಿಟ್ಟಿದ್ದರು. ಆಮೇಲೆ ಬಗ್ಗಿ, ಹಿಮ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಗ್ಗಿದ್ದೇ ತಡ, ಸ್ಲೆಡ್ಜಿಗೆ ಸೊಂಟ ತಾಗಿತು. ಬೂಟುಗಳು ಹೊರಟೇಬಿಟ್ಟವು!

ಪಕ್ಕದಲ್ಲೇ ಒಬ್ಬ ಮಾವೋರಿ ಆಸಾಮಿ ಮಕ್ಕಳ ಜೊತೆ ನಿಂತಿದ್ದ. ಆರಡಿ ಆಳು. ಆ ಚಳಿಯಲ್ಲೂ ಚಡ್ಡಿ! ಅತ್ತೆ ನಮಸ್ಕಾರ ಮಾಡಿದ್ದನ್ನು ನೋಡಿದ್ದನೇನೋ, ತನ್ನ ದೊಡ್ಡ ಸ್ಲೆಡ್ಜನ್ನು ಅವರ ಮುಂದಿಟ್ಟ. "ಹಾಪ್ ಆನ್, ಆಂಟಿ! ಲೆಟ್ಸ್ ಗೆಟ್ ಯುವರ್ ಬೂಟ್ಸ್!"

"ಬೇಡ ಅತ್ತೆ! ಬಿದ್ರೆ ಏನ್ ಗತಿ?" ನಾನು ಕಿರುಚಿದೆ. ಮೂಳೆ ಮುರಿದರೆ ಟಿಕೆಟ್ ಮಾತು ಹಾಗಿರಲಿ, ಮೈಸೂರಿನ ನಾದಿನಿಗೆ ನಾನು ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?

"ಸುಮ್ನಿರೇ! ಕಾಲು ಮರಗಟ್ಟೋಗ್ತಿದೆ" ಅಂದವರೇ ಸೀರೆ ಎತ್ತಿ ಕಟ್ಟಿ ಕೂತೇಬಿಟ್ಟರು. ಆತ ಹಿಂದೆ ಕೂತು ಕಾಲಿನಿಂದ ನೆಲ ಒದ್ದು ಸ್ಲೆಡ್ಜ್ ಹೊರಡಿಸಿದ.

ಮೊದಲು "ರಾಮಾ, ರಾಮಾ!" ಕೇಳಿಸಿತು. ಅರ್ಧ ದಾರಿಯಲ್ಲಿ ಅದು ನಗುವಾಯಿತು. ಹೊಟ್ಟೆಯಿಂದ ಬರುವ ನಗು! ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವರ ಹಿಂದೆ ಓಡಲು ಹೋಗಿ, ಜಾರಿ ಬಿದ್ದು, ನಾನೂ ಕೂತ ಭಂಗಿಯಲ್ಲೇ ಕೆಳಗೆ ತಲುಪಿದೆ. ನನಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆಯೆಲ್ಲ ಅತ್ತೆಗೆ!

ಕಾಫಿ ಹಿಡಿದು ಬಂದ ಗಂಡ ಕಂಡಿದ್ದೇನು? ಬೂಟು ತೊಟ್ಟು ನಡುವೆ ಕೂತ ಅವನ ಅಮ್ಮ, ಸುತ್ತ ಗುರುತು ಪರಿಚಯವಿಲ್ಲದ ಮಕ್ಕಳು, ಎಲ್ಲರ ಅಂಗೈಯಲ್ಲೂ ಪುಳಿಯೋಗರೆ. ಖಾರಕ್ಕೆ ಒಬ್ಬ ಹುಡುಗ ಹಿಮ ಬಾಯಿಗೆ ತುಂಬಿಕೊಳ್ಳುತ್ತಿದ್ದ. "ಇಷ್ಟೊಂದ್ ಜನ ಇಟ್ಕೊಂಡು ನನ್ನ ಮನೇಲಿ ಕೂರ್ಸಿದ್ರಲ್ಲೋ!" ಅಂತ ಅತ್ತೆ ಮಗನನ್ನೇ ದಬಾಯಿಸಿದರು.

ಹೌದಲ್ವಾ? ಹಿರಿಯರನ್ನು ಅಷ್ಟು ದೂರದಿಂದ ಕರೆಸುತ್ತೇವೆ. ಹೀಟರ್, ರಗ್ಗು, ಮಾತ್ರೆ, ಟೀವಿ ಎಲ್ಲ ಕೊಡುತ್ತೇವೆ. ಗಾಜಿನ ಸಾಮಾನಿನ ಹಾಗೆ ಒಂದು ಮೂಲೆಯಲ್ಲಿ ಜೋಪಾನವಾಗಿ ಇಟ್ಟು, ಆಮೇಲೆ ಯಾಕೆ ಬೇಜಾರು ಅಂತ ಅವರನ್ನೇ ಕೇಳುತ್ತೇವೆ. ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೊಳ್ಳಲು ಪುರುಸೊತ್ತೆಲ್ಲಿ? ಅತ್ತೆ ಆಗಲೇ ಇನ್ನೊಂದು ರೌಂಡಿಗೆ ಕ್ಯೂನಲ್ಲಿ ನಿಂತಿದ್ದರು.

ವಾಪಸ್ ಬರುವಾಗ ಕಾರಿನಲ್ಲಿ ಗಂಡ ಮೆಲ್ಲಗೆ ಬಾಯಿಬಿಟ್ಟ. "ಅಮ್ಮಾ, ಆ ಟಿಕೆಟ್ ವಿಷ್ಯ..."

"ಟಿಕೆಟ್ ಅಲ್ಲೇ ಇರ್ಲಿ ಬಿಡೋ. ಅದ್ಸರಿ, ಕಾಲಿಗೆ ಹಗ್ಗ ಕಟ್ಕೊಂಡು ಸೇತುವೆ ಮೇಲಿಂದ ಹಾರ್ತಾರಂತಲ್ಲ ಈ ಊರಲ್ಲಿ, ಅದಕ್ಕೆ ವಯಸ್ಸಿನ ಲಿಮಿಟ್ ಏನಾದ್ರೂ ಇದ್ಯಾ?"

ಬೇಡ ಅನ್ನುವ ಧೈರ್ಯ ನಿಮಗಿದ್ದರೆ ಹೇಳಿ, ಫೋನು ಅತ್ತೆ ಕೈಗೇ ಕೊಡುತ್ತೇನೆ!